ಮೊದಲ ಹನಿ ರಕ್ತ, ಹತ್ತರ ಎಣಿಕೆ

ವಿಜಯದಶಮಿ ಮುಗಿಯುತ್ತಿದ್ದಂತೆ ಪತ್ರಿಕೆಗಳಲ್ಲಿ ಒಂದು ಚಿತ್ರ ತಪ್ಪದೆ ಬರುತ್ತದೆ. ಮೈಸೂರು ಅರಮನೆಯ ತೊಟ್ಟಿಯಲ್ಲಿ ತಲೆ ಬೋಳಿಸಿಕೊಂಡ ಜೆಟ್ಟಿಯೊಬ್ಬರು, ಅವರ ನೆತ್ತಿಯಿಂದ ಇಳಿಯುತ್ತಿರುವ ರಕ್ತ. ಚಿತ್ರದ ಬೆನ್ನಿಗೇ ಎರಡು ಬಗೆಯ ಬರಹಗಳೂ ಬರುತ್ತವೆ. ಒಂದು ವಜ್ರಮುಷ್ಟಿ ಕಾಳಗವನ್ನು ಪರಂಪರೆಯ ಹೆಮ್ಮೆಯೆಂದು ಕೊಂಡಾಡಿ ಮುಗಿಸುತ್ತದೆ, ಇನ್ನೊಂದು ಈ ಕಾಲದಲ್ಲೂ ಇಂಥದ್ದು ಬೇಕೇ ಎಂದು ಕೇಳಿ ಮುಗಿಸುತ್ತದೆ. ಕಾಳಗದ ನಿಯಮವನ್ನು ಇಬ್ಬರೂ ಕೂತು ಓದಿದಂತಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನುಷ್ಯರಿಬ್ಬರು ಹೊಡೆದಾಡುವುದನ್ನು ಹತೋಟಿಯಲ್ಲಿಡಲು ನಮ್ಮಲ್ಲಿ ಈಗ ಬಳಕೆಯಲ್ಲಿರುವ ನಿಯಮಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದನ್ನು ನಾನು ಕಂಡಿಲ್ಲ. ಇದಕ್ಕೆ ಸಲ್ಲಬೇಕಾದ ಗಂಭೀರ ಗಮನ ಸಂದಿಲ್ಲ. ಇದರ ಪಕ್ಕದಲ್ಲೇ 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆಗೆ ಮಾತ್ರ ಅದರ ಕೆಲಸಕ್ಕೆ ಮೀರಿದ ಹೊಗಳಿಕೆ ಸಿಕ್ಕಿದೆ.

ಜೆಟ್ಟಿಗಳು ಯಾರು, ಬನ್ನಿಪೂಜೆಗೂ ಕಾಳಗಕ್ಕೂ ಏನು ನಂಟು, ರಾಜಧನ ರದ್ದಾದ ಮೇಲೆ ಅರಮನೆಯ ದಸರಾ ಬೇರೆ, ಸರ್ಕಾರದ ದಸರಾ ಬೇರೆ ಆದದ್ದು ಹೇಗೆ ಎಂಬುದನ್ನು ಮೈಸೂರಿನ ಓದುಗರಿಗೆ ವಿವರಿಸಬೇಕಿಲ್ಲ. ನೇರವಾಗಿ ನಿಯಮಕ್ಕೆ ಬರುತ್ತೇನೆ. ಎದುರಾಳಿಯ ತಲೆಯಲ್ಲಿ ಮೊದಲ ರಕ್ತ ಕಂಡೊಡನೆ ಕಾಳಗ ಮುಗಿಯಿತು, ಅಷ್ಟೇ. ಎಷ್ಟೋ ಸಲ ಅದು ನಿಮಿಷದೊಳಗೆ ಆಗಿಬಿಡುತ್ತದೆ. ಮುಂದೆ ಕುಳಿತವರು ಕತ್ತು ಚಾಚುವ ಹೊತ್ತಿಗೆ ಉಸ್ತಾದರು ನಡುವೆ ನುಗ್ಗಿ ಇಬ್ಬರನ್ನೂ ಬಿಡಿಸಿರುತ್ತಾರೆ.

ಈ ನಿಯಮದ ಶಕ್ತಿ ರಕ್ತದಲ್ಲಿದೆ ಎಂದು ಭಾವಿಸುವವರು ಅದನ್ನು ತಪ್ಪಾಗಿ ಓದುತ್ತಾರೆ. ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ನೋಡಬೇಕು. ಅದು ಕಾದಾಡುವವನದಲ್ಲ. ಏಟು ತಿಂದವನು ನಾನಿನ್ನೂ ತಡೆಯಬಲ್ಲೆ ಎಂದರೆ ಕೇಳುವವರಿಲ್ಲ. ಅದು ಜನರದೂ ಅಲ್ಲ. ಇನ್ನಷ್ಟು ನೋಡಬೇಕೆಂಬ ಅವರ ಆಸೆಗೆ ಅಲ್ಲಿ ಬೆಲೆಯಿಲ್ಲ. ಇನ್ನು, ಯಾವ ಗುರುತಿಗೆ ನಿಲ್ಲಿಸಬೇಕು ಎಂಬುದರಲ್ಲಿ ವಾದಕ್ಕೆ ಎಡೆಯೇ ಇಲ್ಲ. ಕೆಂಪು ಕಂಡಿತೋ ಇಲ್ಲವೋ, ಅಷ್ಟೇ ಪ್ರಶ್ನೆ. ತಲೆ ಬೋಳಿಸುವುದಕ್ಕೆ ಆಚರಣೆಯ ಅರ್ಥ ಏನೇ ಇರಲಿ, ತೀರ್ಪುಗಾರನ ಕಣ್ಣಿಗೆ ಅದರಿಂದ ಆಗುವ ಉಪಕಾರ ದೊಡ್ಡದು. ಕೂದಲಿನ ಮರೆಯಿಲ್ಲದ ನೆತ್ತಿಯಲ್ಲಿ ಹನಿ ಮೂಡಿದ ಕ್ಷಣವೇ ಕಾಣುತ್ತದೆ.

ಆಯುಧದ ಮಾತು ಇನ್ನೂ ಮುಖ್ಯ. ಮುಷ್ಟಿಗೆ ತೊಟ್ಟ ಮೊನೆಗಳನ್ನು ಕಂಡು ಟೀಕಾಕಾರರು ಹೌಹಾರುತ್ತಾರೆ. ನೆತ್ತಿಯ ಚರ್ಮದಲ್ಲಿ ರಕ್ತನಾಳಗಳು ದಟ್ಟವಾಗಿವೆ, ಸಣ್ಣ ಗೀರಿಗೂ ಅಲ್ಲಿ ರಕ್ತ ಧಾರಾಳವಾಗಿ ಬರುತ್ತದೆ. ಮೊನೆಯಿದ್ದಷ್ಟೂ ಕಡಿಮೆ ಬಲದಲ್ಲಿ ಚರ್ಮ ಬಿರಿಯುತ್ತದೆ, ಕಾಳಗ ಅಷ್ಟು ಬೇಗ ಮುಗಿಯುತ್ತದೆ. ಇದಕ್ಕೆ ಎದುರಾಗಿ ಬಾಕ್ಸಿಂಗಿನ ಕೈಗವಸನ್ನು ಇಟ್ಟು ನೋಡಿ. 1867ರ ಕ್ವೀನ್ಸ್‌ಬರಿ ನಿಯಮಗಳು ಕೈಗವಸನ್ನು ಕಡ್ಡಾಯ ಮಾಡಿದವು, ಬಿದ್ದವನಿಗೆ ಏಳಲು ಹತ್ತು ಸೆಕೆಂಡು ಕೊಟ್ಟವು. ಸಭ್ಯತೆಯ ಹೆಜ್ಜೆಯೆಂದು ಎರಡಕ್ಕೂ ಹೆಸರು ಬಂತು. ಬರಿಗೈಯಲ್ಲಿ ತಲೆಬುರುಡೆಗೆ ಗುದ್ದಿದವನ ಬೆರಳ ಮೂಳೆ ಮುರಿಯುತ್ತದೆ, ಆ ಹೆದರಿಕೆಯೇ ಅವನನ್ನು ಹಿಡಿದು ನಿಲ್ಲಿಸುತ್ತಿತ್ತು. ಮೆತ್ತನೆಯ ಕೈಗವಸು ಆ ಹೆದರಿಕೆಯನ್ನು ತೆಗೆಯಿತು. ಚರ್ಮ ಒಡೆಯುವುದು ಕಡಿಮೆಯಾಯಿತು, ತಲೆಗೆ ಬೀಳುವ ಏಟುಗಳ ಲೆಕ್ಕ ಏರಿತು. ಹತ್ತರ ಎಣಿಕೆಯಂತೂ ಮಿದುಳು ಅಲುಗಾಡಿ ಬಿದ್ದವನನ್ನು ಎಬ್ಬಿಸಿ ಮತ್ತೊಮ್ಮೆ ಏಟಿಗೆ ಒಡ್ಡುವ ಏರ್ಪಾಡು. 1982ರ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ಕೊರಿಯಾದ ಡುಕ್ ಕೂ ಕಿಮ್ ಹದಿನಾಲ್ಕನೆಯ ಸುತ್ತಿನ ತನಕ ನಿಂತೇ ಇದ್ದ. ಆ ಸುತ್ತಿನಲ್ಲಿ ಬಿದ್ದು ಎದ್ದವನು ಪಂದ್ಯ ನಿಂತ ಸ್ವಲ್ಪ ಹೊತ್ತಿಗೇ ಪ್ರಜ್ಞೆ ತಪ್ಪಿದ, ಕೆಲವೇ ದಿನಗಳಲ್ಲಿ ತೀರಿಕೊಂಡ. ವಿಶ್ವ ಬಾಕ್ಸಿಂಗ್ ಮಂಡಳಿ ಹದಿನೈದು ಸುತ್ತುಗಳನ್ನು ಹನ್ನೆರಡಕ್ಕೆ ಇಳಿಸಿದ್ದು ಆ ಸಾವಿನ ನಂತರ.

ವಜ್ರಮುಷ್ಟಿಯ ನಿಯಮದಲ್ಲಿ ದೋಷವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಗುರಿ ತಲೆಯೇ ಎಂಬುದು ಅದರ ಕೊರತೆ. ಬುರುಡೆಯ ಒಳಗೆ ಒಸರುವ ರಕ್ತ ಯಾವ ಉಸ್ತಾದನ ಕಣ್ಣಿಗೂ ಕಾಣದು, ಅದರ ಲಕ್ಷಣ ಗಂಟೆಗಳ ನಂತರ ತೋರಬಹುದು. ರಕ್ತ ಹರಿಯುವುದೇ ಕೊನೆ ಎಂದಿರುವ ಕಾಳಗದಲ್ಲಿ ಹೆಪಟೈಟಿಸ್ ಬಿ, ಎಚ್‌ಐವಿ ಪರೀಕ್ಷೆ ಮೊದಲೇ ಆಗಿರಬೇಕೆಂದು ಇಂದಿನ ವೈದ್ಯರು ಕೇಳುವುದು ನ್ಯಾಯ. ಅಮೆರಿಕದಲ್ಲಿ ನೆವಾಡಾ ರಾಜ್ಯದ ಅಥ್ಲೆಟಿಕ್ ಕಮಿಷನ್ ಈ ಪರೀಕ್ಷೆಗಳಿಲ್ಲದೆ ಬಾಕ್ಸರನಿಗೆ ಲೈಸೆನ್ಸ್ ಕೊಡುವುದಿಲ್ಲ. ಇಷ್ಟನ್ನು ಒಪ್ಪಿಕೊಂಡ ಮೇಲೂ ನನ್ನ ತೀರ್ಮಾನ ಬದಲಾಗುವುದಿಲ್ಲ.

ಜಾನಪದ ವಿದ್ವಾಂಸರ ಜೊತೆಗೆ ನನ್ನ ಜಗಳ ಬೇರೆ ಬಗೆಯದು. ಅವರಿಗೆ ಆ ಹನಿ ರಕ್ತ ಬಲಿಯ ಸಂಕೇತ, ರಾಜನ ವಿಜಯಯಾತ್ರೆಗೆ ಮುನ್ನ ದೇವಿಗೆ ಸಲ್ಲುವ ಅರ್ಪಣೆ. ಇರಬಹುದು. ಆದರೆ ಎಲ್ಲವನ್ನೂ ಸಂಕೇತವಾಗಿ ಓದುವ ಈ ಅಭ್ಯಾಸ ಕಾದಾಡಿಸುವವರ ವಿವೇಕವನ್ನು ಮರೆಮಾಡುತ್ತದೆ. 1520ರ ಸುಮಾರಿಗೆ ವಿಜಯನಗರದ ಮಹಾನವಮಿ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಲ್ಲರ ಹೊಡೆದಾಟವನ್ನು ವರ್ಣಿಸಿದ್ದಾನೆ. ಹಲ್ಲು ಮುರಿದದ್ದು, ಕಣ್ಣು ಹೋದದ್ದು, ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ದದ್ದು ನಮ್ಮವರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದೇ ವರ್ಣನೆಯ ಮುಂದಿನ ಭಾಗ ಬರುವುದಿಲ್ಲ. ಆ ಕಣದಲ್ಲಿ ನಾಯಕರೂ ತೀರ್ಪುಗಾರರೂ ಇದ್ದರು, ಇಬ್ಬರನ್ನೂ ಸಮಬಲದಲ್ಲಿ ನಿಲ್ಲಿಸುವುದು ಅವರ ಹೊಣೆಯಾಗಿತ್ತು ಎಂದೂ ಆತ ಬರೆದಿದ್ದಾನೆ. ಅದಕ್ಕೂ ನಾಲ್ಕು ಶತಮಾನ ಹಿಂದೆ ಕಲ್ಯಾಣದ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದ ಮಲ್ಲವಿನೋದದಲ್ಲಿ ವಯಸ್ಸು, ಬಲ, ಮೈಕಟ್ಟು ನೋಡಿ ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸಿ, ಅವರ ಆಹಾರ, ಸಾಮು ಎಲ್ಲವನ್ನೂ ಹೇಳಿದ. ಕಾದಾಟವನ್ನು ಪ್ರಭುತ್ವ ಹತೋಟಿಗೆ ತರುವುದು ಪಡುವಣದಿಂದ ಬಂದ ಯೋಚನೆ ಎಂದು ನಂಬಿರುವವರು ಇದನ್ನು ಓದಬೇಕು. ದಸರಾ ಕುಸ್ತಿಗೆ ಮುನ್ನ ದೇವರಾಜ ಅರಸು ಕ್ರೀಡಾಂಗಣದಲ್ಲಿ ಇಂದಿಗೂ ಜೋಡಿ ಕಟ್ಟುತ್ತಾರೆ. ಅಂಗಿ ಕಳಚಿ ನಿಂತ ಹುಡುಗರ ತೂಕ, ಮೈಕಟ್ಟು, ಹಿಂದಿನ ಕುಸ್ತಿಗಳನ್ನು ಹಿರಿಯ ಪೈಲ್ವಾನರು ನೋಡಿ, ಒಪ್ಪಿಗೆಯಾದವರ ಕೈ ಕೂಡಿಸುತ್ತಾರೆ. ಜೋಡಿ ಸರಿಯಿಲ್ಲವೆಂದು ಜಗಳವೂ ಆಗುತ್ತದೆ. ಆ ಜಗಳ ಮಟ್ಟಿಗೆ ಇಳಿಯುವ ಮೊದಲೇ ಆಗುತ್ತದೆ ಎಂಬುದೇ ಅದರ ದೊಡ್ಡ ಗುಣ.

ಇನ್ನು ಕಾಳಗವನ್ನು ನಿಲ್ಲಿಸಬೇಕೆನ್ನುವ ವಿಮರ್ಶಕರ ಬಗ್ಗೆ. ಅವರ ಕಳಕಳಿಯನ್ನು ನಾನು ಸಂಶಯಿಸುವುದಿಲ್ಲ, ಅದು ಹರಿಯುವ ದಿಕ್ಕಿನ ಬಗ್ಗೆ ನನ್ನ ತಕರಾರು. ವರ್ಷಕ್ಕೊಮ್ಮೆ ಎರಡು ಜೋಡಿ, ನಿಮಿಷದ ಕಾದಾಟ, ಇದರ ಮೇಲೆ ಅಂಕಣಗಳು ಸುರಿಯುತ್ತವೆ. 2022ರ ಜುಲೈ 10ರಂದು ಬೆಂಗಳೂರಿನ ನಾಗರಭಾವಿಯಲ್ಲಿ ರಾಜ್ಯಮಟ್ಟದ್ದೆಂದು ಹೆಸರಿಟ್ಟು ಕೆ-1 ಕಿಕ್‌ಬಾಕ್ಸಿಂಗ್ ಸ್ಪರ್ಧೆ ನಡೆಯಿತು. ನಮ್ಮ ಮೈಸೂರಿನ ಹುಡುಗ ಮುಖಕ್ಕೆ ಬಿದ್ದ ಏಟಿಗೆ ಕುಸಿದ, ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಅಲ್ಲಿ ತುರ್ತು ಚಿಕಿತ್ಸೆಯ ವ್ಯವಸ್ಥೆಯಿರಲಿಲ್ಲ, ಆಂಬುಲೆನ್ಸ್ ಇರಲಿಲ್ಲ ಎಂದು ಕುಟುಂಬದವರು ದೂರಿದರು. ಪೊಲೀಸರು ಭಾರತೀಯ ದಂಡ ಸಂಹಿತೆಯ 304ಎ ಕಲಂ ಅಡಿ ಮೊಕದ್ದಮೆ ಹೂಡಿದರು. ನಿರ್ಲಕ್ಷ್ಯದಿಂದಾದ ಸಾವಿಗೆ ಹೆಚ್ಚೆಂದರೆ ಎರಡು ವರ್ಷದ ಶಿಕ್ಷೆ ಹೇಳುವ, ರಸ್ತೆ ಅಪಘಾತಕ್ಕೆ ಹಾಕುವ ಅದೇ ಕಲಂ. ಈಗಿನ ನ್ಯಾಯ ಸಂಹಿತೆಯ 106ನೇ ಕಲಂ ಅದನ್ನು ಐದು ವರ್ಷಕ್ಕೆ ಏರಿಸಿದೆ. ಎರಡು ಇರಲಿ, ಐದು ಇರಲಿ, ಈ ಕಾನೂನು ಕಣ್ಣು ತೆರೆಯುವುದು ಹೆಣ ಬಿದ್ದ ಮೇಲೆ. ಆ ಸಾವಿನ ಬಗ್ಗೆ ಒಂದು ವಾರ ಸುದ್ದಿ ಬಂತು. ಅರಮನೆಯ ಹನಿ ರಕ್ತಕ್ಕೆ ಪ್ರತಿ ವರ್ಷ ಲೇಖನಿ ಹಿಡಿಯುವವರು ಆ ಹುಡುಗನ ಬಗ್ಗೆ ಬರೆದದ್ದನ್ನು ನಾನು ಕಾಣಲಿಲ್ಲ. ಇದು ನನಗೆ ಇಂದಿಗೂ ನೋವಿನ ಸಂಗತಿ.

ಇಂಥ ಸ್ಪರ್ಧೆ ನಡೆಸಲು ನಮ್ಮಲ್ಲಿ ಬೇಕಾದದ್ದು ಬಹಳ ಕಡಿಮೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ಸಂಘ, ಬಾಡಿಗೆಗೆ ಒಂದು ಹಾಲು, ಒಂದು ಫ್ಲೆಕ್ಸು. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 33ನೇ ಬಾಬಿನಲ್ಲಿ ಕ್ರೀಡೆ ಇದೆ. ನಾಟಕ, ಮನರಂಜನೆಯ ಜೊತೆಗೇ ಅದನ್ನು ರಾಜ್ಯದ ಕೈಗೆ ಒಪ್ಪಿಸಲಾಗಿದೆ. ರಾಜ್ಯ ಆ ಅಧಿಕಾರವನ್ನು ಕಾದಾಟದ ಕಣಕ್ಕೆ ಬಳಸಲಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಮಂದಿ ಸತ್ತ ನಂತರ ಸರ್ಕಾರ ಜನಸಂದಣಿ ನಿಯಂತ್ರಣದ ವಿಧೇಯಕ ತಂದಿತು. ಅದು ಬೇಕಾದದ್ದೇ. ಅದರ ಕಣ್ಣು ಇರುವುದು ನೋಡಲು ಬಂದವರ ಮೇಲೆ. ಏಟು ತಿನ್ನಲು ಬಂದವನ ಮಾತು ಬೇರೆಯಾಗಿಯೇ ಆಗಬೇಕು.

ಆ ಮಾತು ಎತ್ತಿದಾಗಲೆಲ್ಲ ಕ್ರೀಡಾ ವಲಯದವರು ತೋರಿಸುವುದು ಉದ್ದೀಪನ ಮದ್ದು ತಡೆ ಕಾಯ್ದೆಯನ್ನು. ಮದ್ದು ತಡೆಯ ರಾಷ್ಟ್ರೀಯ ಸಂಸ್ಥೆ ನಾಡಾಗೆ ಶಾಸನದ ಬಲ ಬಂದಿದೆ, ಮೇಲ್ಮನವಿ ಮಂಡಳಿ ಇದೆ, ದೆಹಲಿಯಲ್ಲಿ ಜಾಗತಿಕ ಸಂಸ್ಥೆ ವಾಡಾದ ಮಾನ್ಯತೆ ಪಡೆದ ಪ್ರಯೋಗಾಲಯ ಇದೆ ಎನ್ನುತ್ತಾರೆ. 2019ರಲ್ಲಿ ಮಾನ್ಯತೆ ಅಮಾನತಾಗಿ 2021ರ ಕೊನೆಯಲ್ಲಿ ಮರಳಿ ಬಂದ ಪ್ರಯೋಗಾಲಯ ಅದು. ಕಾಯ್ದೆ ಮೇಲ್ಮಟ್ಟದಲ್ಲಿ ಕಟುವಾಗಿಯೇ ನಡೆಯುತ್ತದೆ. 2024ರ ಮಾರ್ಚಿನಲ್ಲಿ ಸೋನಿಪತ್‌ನ ಆಯ್ಕೆ ಕುಸ್ತಿಯ ವೇಳೆ ಮೂತ್ರದ ಮಾದರಿ ಕೊಡಲಿಲ್ಲವೆಂದು ಒಲಿಂಪಿಕ್ ಪದಕ ವಿಜೇತ ಬಜರಂಗ್ ಪುನಿಯಾಗೆ ಅದೇ ನವೆಂಬರಿನಲ್ಲಿ ನಾಲ್ಕು ವರ್ಷದ ನಿಷೇಧ ಬಿತ್ತು. 2024ರಲ್ಲಿ ಭಾರತ ಪರೀಕ್ಷಿಸಿದ 7,113 ಮಾದರಿಗಳಲ್ಲಿ 260ರಲ್ಲಿ ನಿಷೇಧಿತ ವಸ್ತು ಸಿಕ್ಕಿತು. ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ನಡೆಸುವ ದೇಶಗಳಲ್ಲಿ ಇದು ಅತಿ ಕೆಟ್ಟ ಲೆಕ್ಕಗಳಲ್ಲಿ ಒಂದು. ಈ ಅಂಕಿಯನ್ನು ಕೆಲವರು ಕಾಯ್ದೆಯ ಯಶಸ್ಸೆಂದು ಓದುತ್ತಾರೆ, ಕೆಲವರು ದೇಶದ ಅವಮಾನವೆಂದು. ನನಗೆ ಕಾಣುವುದು ಇದು: ಆ ಬಲೆ ಹರಡಿರುವುದು ಮುಖ್ಯವಾಗಿ ರಾಷ್ಟ್ರೀಯ, ಅಂತರರಾಷ್ಟ್ರೀಯ ಮಟ್ಟದವರ ಮೇಲೆ. ಜಿಮ್ಮಿನಲ್ಲಿ ಯಾರೋ ಕೊಟ್ಟ ಮೆಫೆಂಟರ್ಮಿನ್ ಚುಚ್ಚಿಕೊಳ್ಳುವ ಹುಡುಗನ ಬಳಿಗೆ ಅದು ಬರುವುದು ಅಪರೂಪ. ಶಸ್ತ್ರಚಿಕಿತ್ಸೆಯ ವೇಳೆ ಕುಸಿದ ರಕ್ತದೊತ್ತಡವನ್ನು ಏರಿಸಲು ವೈದ್ಯರು ಕೊಡುವ ಔಷಧಿ ಅದು. ಓಟಗಾರ ಮದ್ದು ಸೇವಿಸಿದರೆ ಪಕ್ಕದವನ ಪದಕ ಹೋಗುತ್ತದೆ. ಕಿಕ್‌ಬಾಕ್ಸರ್ ಸೇವಿಸಿದರೆ ದಣಿವು, ನೋವು ಎರಡೂ ಮರೆಯಾಗಿ ಅವನ ಜೀವವೂ ಎದುರಿನವನ ಜೀವವೂ ಅಪಾಯಕ್ಕೆ ಬೀಳುತ್ತವೆ. ಪದಕದ ಶುದ್ಧತೆಯನ್ನು ಕಾಯಲು ಬರೆದ ಕಾಯ್ದೆ ಈ ಎರಡನೆಯ ಕೆಲಸಕ್ಕೆ ಒದಗುವುದಿಲ್ಲ. ತೂಕ ಇಳಿಸಲು ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿ, ನೀರಿಲ್ಲದ ಮೈಯಲ್ಲಿ ಕಣಕ್ಕೆ ಇಳಿದವನಿಗೆ ಅಂದು ಸಂಜೆಯೇ ಯಾರಾದರೂ ಬೇಡವೆನ್ನಬೇಕು. ಮಾದರಿ ದೆಹಲಿಗೆ ಹೋಗಿ ವರದಿ ಮರಳುವ ಹೊತ್ತಿಗೆ ಕಾದಾಟ ಮುಗಿದು ವಾರಗಳೇ ಕಳೆದಿರುತ್ತವೆ.

ರಾಜ್ಯಕ್ಕೊಂದು ಪ್ರತ್ಯೇಕ ಆಯೋಗ ಬೇಕು ಎಂಬುದು ಸರಿಯಾದ ಬೇಡಿಕೆ. ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಅಂಥ ಆಯೋಗ 1924ರಲ್ಲೇ ಬಂತು. ನಮ್ಮ ಶಾಸನಸಭೆ ಅಷ್ಟು ದೂರ ಬರುವ ತನಕ ಮೈಸೂರು ಕೈಕಟ್ಟಿ ಕೂರಬೇಕಿಲ್ಲ. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಲೈಸೆನ್ಸ್ ವಿಧಿಸಿ ಹತೋಟಿಯಲ್ಲಿಡುವ ಆದೇಶ ಹೊರಡಿಸಲು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 31ನೇ ಕಲಂ ನಗರದ ಪೊಲೀಸ್ ಆಯುಕ್ತರಿಗೆ, ಸರ್ಕಾರದ ಒಪ್ಪಿಗೆಗೆ ಒಳಪಟ್ಟು, ಅಧಿಕಾರ ಕೊಟ್ಟಿದೆ. ಬೆಂಗಳೂರು ನಗರಕ್ಕೆ 2005ರ ಆದೇಶ ಬಂದದ್ದು ಇದೇ ಕಲಮಿನಿಂದ. ಟಿಕೆಟ್ಟು ಇರಲಿ ಇಲ್ಲದಿರಲಿ, ಇಬ್ಬರು ಹೊಡೆದಾಡುವ ಯಾವ ಸ್ಪರ್ಧೆಗೂ ಕಣದ ಬದಿಯಲ್ಲಿ ವೈದ್ಯರು, ಹೊರಗೆ ಆಂಬುಲೆನ್ಸ್ ಇಲ್ಲದೆ ಅನುಮತಿ ಇಲ್ಲವೆಂದು ಮೈಸೂರಿಗೂ ಅಂಥದೇ ಒಂದು ಆದೇಶ ಹೇಳಲಿ. ವೈದ್ಯರ ಸಂಭಾವನೆ ಸಂಘಟಕರು ಮೊದಲೇ ಕಟ್ಟಿದ ಠೇವಣಿಯಿಂದ ಹೋಗಲಿ, ಆಗ ನಿಲ್ಲಿಸಿ ಎನ್ನಲು ಅವರಿಗೆ ಹಿಂಜರಿಕೆ ಇರುವುದಿಲ್ಲ. ತಲೆಗೆ ಏಟು ಬಿದ್ದು ಕುಸಿದವನಿಗೆ ಎಣಿಕೆಯೇ ಬೇಡ, ಸ್ಪರ್ಧೆ ಅಲ್ಲಿಗೆ ಮುಗಿಯಲಿ, ವೈದ್ಯರ ಪತ್ರವಿಲ್ಲದೆ ಅವನು ಮತ್ತೆ ಕಣಕ್ಕೆ ಇಳಿಯದಿರಲಿ. ದಸರಾ ಕುಸ್ತಿಯ ಮಟ್ಟಿಗೆ ಇಷ್ಟೂ ಬೇಕಾಗದು. ಅದನ್ನು ನಡೆಸುವ ಕುಸ್ತಿ ಉಪಸಮಿತಿಯಲ್ಲಿ ಪೊಲೀಸ್ ಅಧಿಕಾರಿಗಳು ಈಗಾಗಲೇ ಇದ್ದಾರೆ. ಜೋಡಿ ಕಟ್ಟುವ ದಿನ ತೂಕದ ಯಂತ್ರದ ಪಕ್ಕದಲ್ಲಿ ಒಬ್ಬ ವೈದ್ಯರನ್ನು ಕೂರಿಸಿ, ಹುಡುಗರ ರಕ್ತದೊತ್ತಡ ನೋಡಿ, ತೋಳಿನಲ್ಲಿ ಸೂಜಿ ಚುಚ್ಚಿದ ಗುರುತಿದ್ದರೆ ಏನು ತೆಗೆದುಕೊಂಡೆಯೆಂದು ಕೇಳಿ ಬರೆದಿಡುವ ಕೆಲಸವನ್ನು ಬರುವ ದಸರೆಯಿಂದಲೇ ಶುರು ಮಾಡಬಹುದು.