ತಕ್ಕಡಿಗೆ ಸಿಗದ ತಳಿಗುಣ

2024ರ ಡಿಸೆಂಬರಿನಲ್ಲಿ ಕಾಶ್ಮೀರದ ಶೇರ್-ಎ-ಕಾಶ್ಮೀರ್ ಕೃಷಿ ವಿಶ್ವವಿದ್ಯಾಲಯದಲ್ಲಿ ಜೀನ್ ತಿದ್ದಿದ ಕುರಿಮರಿಯೊಂದು ಹುಟ್ಟಿತು. ಹೆಸರು ‘ತರ್ಮೀಮ್’. ಸ್ನಾಯು ಮಿತಿಮೀರಿ ಬೆಳೆಯದಂತೆ ಮಯೋಸ್ಟಾಟಿನ್ ಎಂಬ ಜೀನು ಕಡಿವಾಣ ಹಾಕುತ್ತದೆ. ಅದನ್ನು ಸಡಿಲಿಸಿದರೆ ಸ್ನಾಯು ಶೇ. 30ರಷ್ಟು ಹೆಚ್ಚುತ್ತದೆ ಎನ್ನುತ್ತಾರೆ ವಿಜ್ಞಾನಿಗಳು. ಸಾಧನೆ ದೊಡ್ಡದೇ. ಆದರೆ ಇಂಥ ಗುಣ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಹಿಂಡಿಗೆ ಒಗ್ಗೀತೇ ಎಂದು ನೋಡುವಾಗ ತೂಕವೊಂದೇ ಸಾಲದು.

ಈ ಜೀನಿನ ಕೆಲಸ ತಿಳಿದದ್ದು 1997ರಲ್ಲಿ, ಇಲಿಗಳಿಂದ. ಜೀನು ತೆಗೆದ ಇಲಿಗಳಲ್ಲಿ ಸ್ನಾಯು ಎರಡು-ಮೂರು ಪಟ್ಟಾಯಿತು. ವಯಸ್ಸಾದರೂ ಅವಕ್ಕೆ ಕೊಬ್ಬು ಹೆಚ್ಚು ಕಟ್ಟಲಿಲ್ಲ. ಜಿಡ್ಡಿನ ಆಹಾರ ತಿನ್ನಿಸಿದಾಗಲೂ ಮಿಕ್ಕ ಇಲಿಗಳಷ್ಟು ಬೊಜ್ಜು ಬರಲಿಲ್ಲ. ಬೆಲ್ಜಿಯನ್ ಬ್ಲೂ ದನಗಳಲ್ಲಿ ಇದೇ ಜೀನು ತಾನಾಗಿಯೇ ಕೆಟ್ಟಿದೆ. ಮಾಂಸ ಭರ್ತಿ, ಕೊಬ್ಬು ಕಡಿಮೆ. ಆದರೆ ಹೆರಿಗೆಗೆ ಬಹುಪಾಲು ಸಿಸೇರಿಯನ್ನೇ ಗತಿ.

ಕೊಬ್ಬಿಲ್ಲದ ಮಾಂಸ ಪಟ್ಟಣದ ಗಿರಾಕಿಗೆ ಇಷ್ಟ. ಕುರಿ ಸಾಕುವವರ ಲೆಕ್ಕ ಬೇರೆ. ಸಂತೆಯಲ್ಲಿ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಆಮೇಲೆ ಸೊಂಟದ ಮೇಲೆ ಬೆರಳೊತ್ತಿ, ಮೂಳೆ ಕೈಗೆ ಎಷ್ಟು ಸಿಗುತ್ತದೆ, ಮೇಲೆ ಕೊಬ್ಬು ಎಷ್ಟಿದೆ ಎಂದು ಹಿಡಿದು ನೋಡುತ್ತಾರೆ. ರಾಜ್ಯದಲ್ಲೇ ಮಳೆ ತೀರಾ ಕಮ್ಮಿಯ ಸೀಮೆ ಇದು. ಬೇಸಿಗೆಯಲ್ಲಿ ಹಿಂಡು ಕೂಳೆ, ಜಾಲಿಕಾಯಿ, ಶೇಂಗಾ ಹೊಟ್ಟಿನ ಮೇಲೆ ದಿನ ದೂಡುವಾಗ ತಾಯಿಕುರಿಯ ಮೈಗೂ ಮರಿಯ ಹಾಲಿಗೂ ಆಸರೆ ಮಳೆಗಾಲದಲ್ಲಿ ಹತ್ತಿದ ಕೊಬ್ಬೇ. ಸ್ನಾಯುವಿಗಾದರೋ ಇರುವಷ್ಟು ದಿನವೂ ಮೇವಿನ ಖರ್ಚು. ಜೀನು ಬೆಳವಣಿಗೆಗೆ ಅವಕಾಶ ಕೊಡಬಹುದು, ಹುಲ್ಲು ಕೊಡಲಾರದು.

ಆ ಹುಲ್ಲಿನ ನೆಲವೂ ಮೊದಲಿನಷ್ಟಿಲ್ಲ. ಇಲ್ಲಿನ ಅಮೃತ್ ಮಹಲ್ ಕಾವಲಿನ ಸಾವಿರಾರು ಎಕರೆ ಡಿಆರ್‌ಡಿಓ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವುಗಳ ಪಾಲಾಗಿದೆ. ಮೇವಿನ ನೆಲ ಕುಗ್ಗಿಸಿ ಮೈ ಹಿಗ್ಗಿಸುವ ಟಗರು ತಂದರೆ ಲೆಕ್ಕ ಕೂಡುವುದಿಲ್ಲ. ಮಾಂಸವನ್ನೇ ನೆಚ್ಚಿ ತಳಿ ಬೆರೆಸಿದಾಗ ಕಂಬಳಿಯ ಒರಟು ಉಣ್ಣೆ ಕೈತಪ್ಪುವ ನಷ್ಟವೂ ಉಂಟು.

ಹಾಗೆಂದು ವಿಜ್ಞಾನವನ್ನು ತಳ್ಳಿಹಾಕಬೇಕಿಲ್ಲ. ಟೆಕ್ಸೆಲ್ ಕುರಿಗಳಲ್ಲಿ ಮಯೋಸ್ಟಾಟಿನ್ ಪೂರ್ತಿ ನಿಂತಿಲ್ಲ, ತಗ್ಗಿದೆಯಷ್ಟೆ. ಅಂಥ ಹದದ ದಾರಿಯೂ ಇದೆ. ತಪ್ಪಿರುವುದು ಪರೀಕ್ಷೆಯಲ್ಲಿ. ಕೊಟ್ಟಿಗೆಯಲ್ಲಿ ಹಿಂಡಿ ತಿನ್ನಿಸಿ ತೂಗಿದ ಅಂಕಿ ಇಲ್ಲಿಗೆ ಪ್ರಮಾಣವಲ್ಲ. ಬಯಲಲ್ಲೇ ಮೇದು, ಬೇಸಿಗೆ ಕಳೆದು, ತಾನಾಗಿ ಈದು, ಮರಿ ಸಾಕಿದ ಕುರಿಯ ಲೆಕ್ಕ ಮೊದಲು ಬರಲಿ. ಅಲ್ಲಿಯವರೆಗೆ ಶೇ. 30 ಎಂಬುದು ಮಾಂಸದಂಗಡಿಯ ಲಾಭ, ಹಟ್ಟಿಯದ್ದಲ್ಲ.