ಕೆರೆಗೆ ಹಾರವೋ, ಕೆರೆಗೆ ತೂಬೋ?

ಬೆಂಗಳೂರಿನ ದಕ್ಷಿಣಭಾಗದಲ್ಲಿರುವ ಬಿಟಿಎಂ ಲೇಔಟ್ ಎಂಬ ಬಡಾವಣೆಯ ಹೆಸರನ್ನು ಬಿಡಿಸಿ ನೋಡಿದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ದೊರೆಯುವುವು. ಇವುಗಳಲ್ಲಿ ‘ಸಂದ್ರ’ವೆಂಬುದು ಸಮುದ್ರ ಶಬ್ದದ ಸವೆದ ರೂಪ, ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ಹಿರಿಯರ ರೂಢಿ. ಎರಡನೆಯ ಹೆಸರಿನಲ್ಲಿ ಕೆರೆಯು ಪ್ರತ್ಯಕ್ಷವಾಗಿಯೇ ಇದೆ. ಮೂರನೆಯ ಊರಿಗೆ ಇನ್ನೂರೈವತ್ತು ಎಕರೆಗೂ ಮಿಕ್ಕ ಕೆರೆಯೊಂದು ಇಂದಿಗೂ ಉಂಟು. ಹೆಜ್ಜಾರ್ಲೆಗಳು ಅದನ್ನು ಇನ್ನೂ ಮರೆತಿಲ್ಲ. ಹೀಗೆ ಮೂರಕ್ಷರಗಳಲ್ಲಿ ಮೂರು ಕೆರೆಗಳು ಅಡಗಿದ್ದರೂ, ಅಲ್ಲಿ ಮನೆಮಾಡಿರುವವರಲ್ಲಿ ಬಹುಜನರಿಗೆ ಇದು ತಿಳಿಯದು. ಹೆಸರು ಮೊಟಕಾದಂತೆ ನೀರಿನ ನೆನಪೂ ಮೊಟಕಾಯಿತು.

ಈಗ ಕೆಲವು ವರ್ಷಗಳಿಂದ ಆ ನೆನಪು ಮರಳುತ್ತಿರುವುದು ಸಂತೋಷದ ಸಂಗತಿ. ರಜಾದಿನಗಳಲ್ಲಿ ಗೃಹಸ್ಥರೂ ಗೃಹಿಣಿಯರೂ ಬಾಲಕರೂ ಕೆರೆಯ ದಡಕ್ಕೆ ಹೋಗಿ ಕಸವನ್ನೆತ್ತುವರು, ಅಂತರಗಂಗೆಯನ್ನು ಕೀಳುವರು, ಹೊಂಗೆ ನೇರಳೆ ಮೊದಲಾದ ನಾಡಗಿಡಗಳನ್ನು ನೆಡುವರು. ಇವರನ್ನು ಕುರಿತು ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಪ್ರಶಂಸೆಯ ಮಾತುಗಳು ಬೇಕಾದಷ್ಟು ಬರುತ್ತಿರುವುವು. ಪ್ರಕೃತ ಲೇಖನದ ವಿಷಯವು ಆ ಪ್ರಶಂಸೆಯೇ. ಕೆರೆಗಾಗಿ ದುಡಿದವರನ್ನು ‘ತ್ಯಾಗಿಗಳು’, ‘ತಮ್ಮನ್ನೇ ತೆತ್ತವರು’ ಎಂದು ಕೊಂಡಾಡುವ ಈ ಧಾಟಿ ಎಲ್ಲಿಂದ ಬಂದಿತು, ಅದು ಯುಕ್ತವೇ ಎಂಬುದನ್ನು ವಿಚಾರಿಸಬೇಕಾಗಿದೆ.

ಇದರ ಮೂಲವು ಪ್ರತಿಯೊಬ್ಬ ಕನ್ನಡಿಗನೂ ಬಲ್ಲ ‘ಕೆರೆಗೆ ಹಾರ’ವೆಂಬ ಜನಪದ ಕಥನಕವನದಲ್ಲಿರುವುದೆಂದು ತೋರುತ್ತದೆ. ಕಲ್ಲನಕೇರಿಯ ಮಲ್ಲನಗೌಡನು ಕೆರೆಯನ್ನು ಕಟ್ಟಿಸಿದನು. ಅದರಲ್ಲಿ ಹನಿ ನೀರು ನಿಲ್ಲಲಿಲ್ಲ. ಹೊತ್ತಿಗೆ ನೋಡಿಸಿದಾಗ ಸೊಸೆಯೊಬ್ಬಳನ್ನು ಬಲಿಗೊಡಬೇಕೆಂದು ತಿಳಿಯಿತು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆತನಕ್ಕೆ ಕೊರತೆ. ಆದುದರಿಂದ ಕಿರಿಯಳಾದ ಭಾಗೀರಥಿಯೇ ಗೊತ್ತಾದಳು. ಪೂಜೆ ಮುಗಿದ ಬಳಿಕ ಮರೆತುಬಂದ ಬಂಗಾರದ ಬಟ್ಟಲನ್ನು ತರಲು ಅವಳನ್ನೇ ಹಿಂದಕ್ಕೆ ಕಳುಹಿದರು. ಮೆಟ್ಟಿಲು ಮೆಟ್ಟಿಲಿಗೂ ನೀರೇರಿ ಅವಳು ಕೆರೆಗೆ ಹಾರವಾದಳು. ಬಿಟಿಎಂ ಲೇಔಟಿಗೆ ಹೊಂದಿಕೊಂಡಿರುವ ಕೋರಮಂಗಲದಲ್ಲಿಯೂ ಇಂತಹುದೇ ಐತಿಹ್ಯವೊಂದುಂಟು. ಬೆಂಗಳೂರು ಕೋಟೆಯ ಬಾಗಿಲು ನಿಲ್ಲಲೆಂದು ಪ್ರಾಣವಿತ್ತಳೆಂದು ಹೇಳಲಾಗುವ ಕೆಂಪೇಗೌಡನ ಸೊಸೆ ಲಕ್ಷ್ಮಮ್ಮನ ಸಮಾಧಿ ಅಲ್ಲಿದೆ.

ಈ ಕವನವನ್ನು ತ್ಯಾಗದ ಸ್ತುತಿಯೆಂದು ಓದುವುದು ಬಹುಕಾಲದ ವಾಡಿಕೆ. ಆದರೆ ಕವನದ ಕೊನೆಯನ್ನು ನೋಡತಕ್ಕುದು. ದಂಡಿಗೆ ಹೋಗಿದ್ದ ಗಂಡ ಮಾದೇವರಾಯನು ಮರಳಿ ಬಂದು, ಗೆಳತಿಯ ಬಾಯಿಂದ ನಿಜವನ್ನರಿತು, ತಾನೂ ಅದೇ ನೀರಿಗೆ ಬೀಳುವನು. ಗೌಡನಿಗೆ ಕೆರೆ ತುಂಬಿತು, ಮನೆ ಬರಿದಾಯಿತು. ಹಾಡಿದ ಹೆಣ್ಣುಮಕ್ಕಳು ಗೌಡನನ್ನು ಒಂದು ಮಾತಿನಿಂದಲೂ ಬೈಯಲಿಲ್ಲ. ಕಥೆಯ ಗತಿಯಿಂದಲೇ ತೀರ್ಪನ್ನು ಕೊಟ್ಟರು. ಭಗೀರಥನು ತಪಸ್ಸಿನಿಂದ ಗಂಗೆಯನ್ನು ತಂದನೆಂಬುದು ಪುರಾಣಪ್ರಸಿದ್ಧ. ಇಲ್ಲಿ ತಪಸ್ಸು ಯಾರಿಗೂ ಬೇಡವಾಗಿ, ಗಂಗೆಯ ಹೆಸರನ್ನು ಹೊತ್ತವಳೇ ಬೆಲೆಯಾದಳು. ನೀರು ಬರುವ ಕಾಲುವೆ ಸರಿಯಾಗಿದೆಯೇ ಎಂದು ಆ ಮನೆಯಲ್ಲಿ ಒಬ್ಬರೂ ಕೇಳಲಿಲ್ಲವೆಂಬುದೂ ಗಮನಾರ್ಹ. ಅತಿ ಸೌಮ್ಯರಾದವರನ್ನು ಹುಡುಕಿ ಅವರ ಮೇಲೆ ಭಾರವನ್ನು ಹೊರಿಸಿ, ಅನಂತರ ಅವರನ್ನು ಹೊಗಳುವ ಊರಿನ ಕಥೆಯಿದು.

ಇದಕ್ಕೆ ಪ್ರತಿಯಾಗಿ ಮತ್ತೊಂದು ಬರಹವನ್ನು ಇಡೋಣ. ಮಡಿವಾಳದ ಕೆರೆಯ ಹೆಚ್ಚಿನ ನೀರು ಅಗರದ ಕೆರೆಗೂ, ಅಲ್ಲಿಂದ ಬೆಳ್ಳಂದೂರು ವರ್ತೂರುಗಳ ಮೂಲಕ ದಕ್ಷಿಣಪಿನಾಕಿನಿಗೂ ಹರಿಯುವುದು. ಆ ಅಗರದಲ್ಲಿ ಸುಮಾರು ಕ್ರಿ. ಶ. 870ರ ಗಂಗರ ಕಾಲದ ಶಾಸನವೊಂದು ದೊರೆತಿದೆ. ಅದರ ಸಾರಾಂಶವಿಷ್ಟೆ: ಒಬ್ಬನು ಎರಡು ಕೆರೆಗಳಿಗೆ ತೂಬಿಡಿಸಿ, ಮೂಡಣ ಕೆರೆಯೊಂದನ್ನು ಕಟ್ಟಿಸಿ, ಮೂರು ಕೆರೆಗಳ ಬಿತ್ತುವಟ್ಟವನ್ನು ಪಡೆದನು. ಬಿತ್ತುವಟ್ಟವೆಂದರೆ ಕೆರೆಯನ್ನು ಕಟ್ಟಿದವನಿಗೂ ಕಾದವನಿಗೂ ಸಲ್ಲುತ್ತಿದ್ದ ಭೂಮಿ ಅಥವಾ ಬೆಳೆಯ ಪಾಲು. ಈ ಕಲ್ಲಿನಲ್ಲಿ ಕಣ್ಣೀರಿಲ್ಲ, ಅಲಂಕಾರವಿಲ್ಲ. ಮಾಡಿದ ಕೆಲಸವೂ ಅದಕ್ಕೆ ಸಂದ ಹಕ್ಕೂ ಇವೆ. ರಸದಲ್ಲಿ ಕವನವೇ ಮೇಲು. ಲೋಕವ್ಯವಹಾರದಲ್ಲಿ ಶಾಸನವೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಇಂದಿನ ಕಾರ್ಯಕರ್ತರ ಸ್ಥಿತಿಯನ್ನು ಈ ಎರಡು ಬರಹಗಳ ನಡುವೆ ನಿಲ್ಲಿಸಿ ನೋಡಬಹುದು. ನೆರೆಯ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಸುಮಾರು 13 ಎಕರೆಯದು. ಅದು ಒಣಗಿ ಹಾಳಾಗುತ್ತಿರಲು 2010ರಲ್ಲಿ ಅಲ್ಲಿನ ನಿವಾಸಿಗಳು ಟ್ರಸ್ಟೊಂದನ್ನು ಕಟ್ಟಿದರು. 2011ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಒಪ್ಪಂದದ ಮೂಲಕ ಕೆರೆಯ ಪಾಲನೆಯನ್ನು ಅವರಿಗೆ ವಹಿಸಿತು. ಗಿಡಗಳು ಬೆಳೆದುವು, ಹಕ್ಕಿಗಳು ಮರಳಿದುವು. ಆದರೆ ಮಳೆನೀರಿನ ಹಳೆಯ ದಾರಿಗಳು ಕಟ್ಟಡಗಳ ನಡುವೆ ಕಡಿದುಹೋಗಿದ್ದುವು. ಕಡೆಗೆ ಪಕ್ಕದ ವಸತಿಸಮುಚ್ಚಯದ ಶುದ್ಧೀಕರಿಸಿದ ನೀರನ್ನು ಕೆರೆಗೆ ತರಬೇಕಾಯಿತು. ಮಲ್ಲನಗೌಡನ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಇವರು ಕೇಳಿದರು. ಬಲಿಗೆ ಬದಲು ಕಾಲುವೆಯನ್ನು ಹುಡುಕಿದರು. ಅವರ ಹಿರಿಮೆ ಇಲ್ಲಿರುವುದೇ ಹೊರತು ಕೆಸರಿನಲ್ಲಿ ನಿಂತುದರಲ್ಲಿ ಮಾತ್ರವಲ್ಲ.

ಮುಂದೆ 2020ರಲ್ಲಿ ರಾಜ್ಯದ ಉಚ್ಚನ್ಯಾಯಾಲಯವು ಖಾಸಗಿ ಸಂಸ್ಥೆಗಳೊಡನೆ ಪಾಲಿಕೆಯ ಕೆರೆ ಒಪ್ಪಂದಗಳನ್ನು ತಡೆಯಿತು. ನ್ಯಾಯಾಲಯದ ಶಂಕೆ ನಿರಾಧಾರವಾದುದಲ್ಲ. ಕೆರೆಯು ಸರ್ವರ ಸ್ವತ್ತು, ಹಿಂದೆ ನಾಗವಾರ ಹೆಬ್ಬಾಳಗಳ ಕೆರೆಗಳನ್ನು ಗುತ್ತಿಗೆಗೆ ಕೊಟ್ಟುದನ್ನು ನಗರವು ಕಂಡಿದೆ. ಆದರೂ ಲಾಭಕ್ಕಾಗಿ ಬರುವವನಿಗೂ ಸೇವೆಗಾಗಿ ಬರುವ ನೆರೆಯವನಿಗೂ ಭೇದವಿರಬೇಡವೆ? ದುಡಿಮೆ ಮಾತ್ರ ಇವನದು, ಅಧಿಕಾರ ಮಾತ್ರ ಬೇರೊಬ್ಬರದು ಎಂದಾದರೆ, ಉಳಿಯುವುದು ಭಾಗೀರಥಿಯ ಪಾತ್ರವೊಂದೇ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಅರಸುಮಗ ಭಾಸ್ಕರನು 1369ರಲ್ಲಿ ಬರೆಯಿಸಿದ ಸಂಸ್ಕೃತ ಶಾಸನವು ಕೆರೆಯ ಆರು ದೋಷಗಳನ್ನು ಎಣಿಸುತ್ತದೆ. ಎರಡು ರಾಜ್ಯಗಳ ಗಡಿಯಲ್ಲಿರುವುದು ಅವುಗಳಲ್ಲೊಂದು. ಕೆರೆ ಒಂದು ಇಲಾಖೆಗೆ, ಕಾಲುವೆ ಇನ್ನೊಂದಕ್ಕೆ, ಕೊಳಚೆ ಮತ್ತೊಂದಕ್ಕೆ ಸೇರಿರುವ ನಗರದಲ್ಲಿ ಪ್ರತಿಯೊಂದು ಕೆರೆಯೂ ಆ ದೋಷಕ್ಕೆ ಗುರಿಯಾಗಿದೆ. ಬೆಳ್ಳಂದೂರಿನ ಕೆರೆ 2015ರಲ್ಲಿ ನೊರೆಯುಕ್ಕಿಸಿ 2017ರಲ್ಲಿ ಉರಿದುದು ದಡವನ್ನು ಗುಡಿಸುವವರ ಕೊರತೆಯಿಂದಲ್ಲ. ಮೇಲಿನಿಂದ ಹರಿದು ಬಂದ ಕೊಳಚೆಯಿಂದ.

ಆದುದರಿಂದ ವಾಚಕರಲ್ಲಿಯೂ ಬರಹಗಾರರಲ್ಲಿಯೂ ಒಂದು ಅರಿಕೆ. ಸಪ್ತಸಂತಾನಗಳಲ್ಲಿ ತಟಾಕವೂ ಕೃತಿಯೂ ಒಡಹುಟ್ಟಿದವುಗಳೆಂದು ನಮ್ಮ ಪೂರ್ವಿಕರು ಎಣಿಸಿದರು. ಒಂದು ಕೆಟ್ಟರೆ ಮತ್ತೊಂದಕ್ಕೆ ಹೇಳುವ ಹೊಣೆಯುಂಟು. ಕೆರೆಯನ್ನು ಕಾಯುವವರನ್ನು ಹಾರವೆಂದು ಹೊಗಳುವುದನ್ನು ಬಿಟ್ಟು, ಅವರ ತೂಬೆಲ್ಲಿ, ಕಾಲುವೆಯೆಲ್ಲಿ, ಬಿತ್ತುವಟ್ಟವೆಲ್ಲಿ ಎಂದು ಕೇಳುವ ಬರಹಗಳು ಬರಲಿ. ಇಂದಿನ ಬಿತ್ತುವಟ್ಟವು ಭೂಮಿಯಾಗಬೇಕಾಗಿಲ್ಲ. ಕೆರೆಯ ಲೆಕ್ಕವನ್ನು ನೋಡುವ ಹಕ್ಕು, ಕಾಲುವೆ ಕಟ್ಟಿದಾಗ ಕೇಳುವ ಹಕ್ಕು, ಕೇಳಿದುದಕ್ಕೆ ಉತ್ತರ ಪಡೆಯುವ ಹಕ್ಕು, ಇಷ್ಟು ದೊರೆತರೂ ಸಾಕು. ಅಗರದ ಕಲ್ಲು ಸಾವಿರದ ನೂರು ವರ್ಷಗಳ ಹಿಂದೆಯೇ ಇದಕ್ಕಿಂತ ಹೆಚ್ಚನ್ನು ಕೊಟ್ಟಿತ್ತು.