ದೇವರ ಮುನ್ನರಿವು ಮತ್ತು ಸೋಲಿನ ಸಾಧ್ಯತೆ: ಕ್ರೈಸ್ತ ಚಿಂತನೆ ಹಾಗೂ ಕೊಡೇಕಲ್ಲಿನ ಕಾಲಜ್ಞಾನ

ದೇವರು ಸರ್ವಜ್ಞನೆಂದು ಒಪ್ಪಿದ ಯಾವ ಧರ್ಮಕ್ಕೂ ಒಂದು ತೊಡಕು ತಪ್ಪಿದ್ದಲ್ಲ. ನಾಳೆ ಮನುಷ್ಯನು ಮಾಡಲಿರುವ ತಪ್ಪು ದೇವರಿಗೆ ಇಂದೇ ತಿಳಿದಿದ್ದರೆ, ಅದನ್ನು ಮಾಡದಿರುವ ಸ್ವಾತಂತ್ರ್ಯ ಆ ಮನುಷ್ಯನಿಗೆ ಉಳಿದಿದೆಯೇ? ಉಳಿದಿದೆಯೆಂದರೆ, ದೇವರ ಸಂಕಲ್ಪವೇ ಸೋಲುವ ಸಂಭವವಿಲ್ಲವೇ? ಕ್ರೈಸ್ತ ದೇವತಾಶಾಸ್ತ್ರವು ಹದಿನೈದು ಶತಮಾನಗಳಿಂದ ಈ ಪ್ರಶ್ನೆಯೊಡನೆ ಸೆಣಸುತ್ತ ಬಂದಿದೆ. ಅಬ್ಬೆತುಮಕೂರಿನ ವಿಶ್ವಾರಾಧ್ಯರ ಮಠ, ತಿಂಥಣಿಯ ಮೌನೇಶ್ವರನ ಗುಡಿ, ಕೊಡೇಕಲ್ಲಿನ ಬಸವಣ್ಣನ ನೆಲೆಗಳನ್ನು ಒಳಗೊಂಡ ಯಾದಗಿರಿ ಸೀಮೆಯಲ್ಲಿ ಇದೇ ಪ್ರಶ್ನೆ ಕಾಲಜ್ಞಾನವೆಂಬ ಭವಿಷ್ಯನುಡಿಗಳ ರೂಪದಲ್ಲಿ ಬೆಳೆದಿದೆ. ಇವೆರಡನ್ನೂ ಎದುರುಬದುರಾಗಿ ಇಟ್ಟು ನೋಡಿದರೆ ಪ್ರತಿಯೊಂದರ ಕೊರತೆಯೂ ಎದ್ದು ಕಾಣುತ್ತದೆ.

ಕ್ರಿ.ಶ. 524ರ ಸುಮಾರಿಗೆ ಸೆರೆಮನೆಯಲ್ಲಿ ಮರಣದಂಡನೆಗೆ ಕಾಯುತ್ತಿದ್ದ ರೋಮಿನ ಬೊಯೀಥಿಯಸ್ ಕೊಟ್ಟ ಉತ್ತರ ಮುಂದಿನವರಿಗೆಲ್ಲ ಅಡಿಪಾಯವಾಯಿತು. ದೇವರು ಕಾಲದ ಆಚೆಗಿರುವುದರಿಂದ ಅವನಿಗೆ ಎಲ್ಲವೂ ಒಮ್ಮೆಗೇ ವರ್ತಮಾನವಾಗಿದೆ, ಗುಡ್ಡದ ಮೇಲಿನವನು ದಾರಿಯನ್ನೆಲ್ಲ ಒಟ್ಟಿಗೆ ಕಂಡ ಮಾತ್ರಕ್ಕೆ ಕೆಳಗೆ ನಡೆಯುವವನ ಹೆಜ್ಜೆಗಳು ಕಟ್ಟುಬೀಳುವುದಿಲ್ಲ ಎಂಬುದು ಅದರ ತಿರುಳು. ಹದಿನಾರನೆಯ ಶತಮಾನದಲ್ಲಿ ಕಾಲ್ವಿನ್ ದೇವರ ಅರಿವನ್ನು ದೇವರ ತೀರ್ಮಾನದೊಡನೆ ಬೆಸೆದು ಸೋಲಿನ ಸಾಧ್ಯತೆಯನ್ನೇ ಅಳಿಸಿಹಾಕಿದನು. ಸ್ಪೇನಿನ ಯೇಸುಸಭೆಯ ಲೂಯಿಸ್ ದೆ ಮೊಲಿನಾ 1588ರಲ್ಲಿ, ಯಾವ ಸನ್ನಿವೇಶದಲ್ಲಿ ಯಾರು ಸ್ವಇಚ್ಛೆಯಿಂದ ಏನನ್ನು ಆರಿಸಿಕೊಳ್ಳುವರು ಎಂಬ 'ಮಧ್ಯಮ ಜ್ಞಾನ' ದೇವರಿಗಿದೆಯೆಂದು ವಾದಿಸಿ, ಸ್ವಾತಂತ್ರ್ಯವನ್ನೂ ದೈವಯೋಜನೆಯನ್ನೂ ಒಟ್ಟಿಗೆ ಉಳಿಸಲು ಯತ್ನಿಸಿದನು. 1994ರ ಹೊತ್ತಿಗೆ ಕ್ಲಾರ್ಕ್ ಪಿನ್ನಾಕ್ ಮತ್ತು ಸಂಗಡಿಗರು ಇನ್ನೊಂದು ತುದಿಗೆ ಹೋಗಿ, ಮನುಷ್ಯರ ಮುಕ್ತ ಆಯ್ಕೆಗಳು ಇನ್ನೂ ಆಗಿಲ್ಲವಾದ್ದರಿಂದ ಅವುಗಳಲ್ಲಿ ಅರಿಯಲು ಏನೂ ಇಲ್ಲ, ದೇವರು ಅಪಾಯವನ್ನು ತಿಳಿದೇ ಈ ಸೃಷ್ಟಿಗೆ ಕೈಹಾಕಿದನು ಎಂದರು.

ಈ ನಾಲ್ಕೂ ನಿಲುವುಗಳು ತರ್ಕದಲ್ಲಿ ಹರಿತವಾಗಿದ್ದರೂ, ಇವುಗಳ ಗಮನವೆಲ್ಲ ದೇವರು ಹೇಗೆ ಅರಿಯುತ್ತಾನೆ ಎಂಬುದರ ಮೇಲೆಯೇ ಹೆಚ್ಚಾಗಿ ನಿಂತಿದೆ. ಅರಿತದ್ದನ್ನು ಸಾರಿದಾಗ ಏನಾಗುತ್ತದೆ ಎಂಬುದು ಹಿಂದೆ ಬಿದ್ದಿದೆ. ಬೈಬಲಿನಲ್ಲಾದರೋ ಮುಖ್ಯ ಪ್ರಶ್ನೆ ಇದೇ. ನಲವತ್ತು ದಿನಗಳಲ್ಲಿ ನಿನೆವೆ ನಾಶವಾಗುವುದೆಂದು ಯೋನನು ಯಾವ ಷರತ್ತೂ ಇಲ್ಲದೆ ಸಾರಿದನು, ಊರವರು ಗೋಣಿತಟ್ಟು ಉಟ್ಟು ಪಶ್ಚಾತ್ತಾಪಪಟ್ಟರು, ಊರು ಉಳಿಯಿತು, ದೇವರು ಕೇಡನ್ನು ಹಿಂತೆಗೆದನೆಂದು ಪ್ರವಾದಿಯೇ ಮುನಿದನು. ನುಡಿದದ್ದು ನಡೆಯದಿದ್ದರೆ ಅದು ದೇವರ ಮಾತಲ್ಲವೆಂದು ಧರ್ಮೋಪದೇಶಕಾಂಡದ 18ನೆಯ ಅಧ್ಯಾಯ ಒರೆಗಲ್ಲನ್ನು ಇಟ್ಟರೆ, ಜನರು ತಿರುಗಿಕೊಂಡರೆ ದೇವರೂ ತಾನು ನುಡಿದ ಕೇಡನ್ನು ಹಿಂತೆಗೆಯುವನೆಂದು ಯೆರೆಮೀಯನ 18ನೆಯ ಅಧ್ಯಾಯ ಹೇಳುತ್ತದೆ. ಸಾರಿದ ಮುನ್ನರಿವು ತಾನೇ ಒಂದು ಕಾರಣವಾಗಿ ಲೋಕದೊಳಗೆ ಇಳಿಯುತ್ತದೆ ಎಂಬ ಸತ್ಯ ಈ ಎರಡನೆಯ ಮಾತಿನಲ್ಲಿ ಅಡಗಿದೆ.

ಕಾಲಜ್ಞಾನವು ಸಾರುವಿಕೆಯಿಂದಲೇ ಹುಟ್ಟಿದ ಪ್ರಕಾರ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಒಡೆದು ಶರಣರು ಚದುರಿದ ಮೇಲೆ, ಆ ಸೋಲು ಕೊನೆಯದಲ್ಲವೆಂದೂ ವೀರವಸಂತರಾಯನೆಂಬ ಅರಸನು ಬಂದು ಕಲ್ಯಾಣವನ್ನು ಮತ್ತೆ ಕಟ್ಟುವನೆಂದೂ ಹೇಳುವ ಸಾಹಿತ್ಯ ವೀರಶೈವರಲ್ಲಿ ಬೆಳೆಯಿತು. ಹದಿನಾರನೆಯ ಶತಮಾನದ ಕೊಡೇಕಲ್ಲ ಬಸವಣ್ಣ, ಕಲ್ಯಾಣದ ಬಸವಣ್ಣನೇ ಮರಳಿ ಬಂದವನೆಂಬ ನಂಬಿಕೆಗೆ ಪಾತ್ರನಾಗಿ, ಈ ಧಾರೆಗೆ ಸುರಪುರ ಸೀಮೆಯಲ್ಲಿ ನೆಲೆ ಕಲ್ಪಿಸಿದನು. ಹಿಂದೂ–ಮುಸ್ಲಿಂ ಎರಡೂ ನಡೆಗಳನ್ನು ಕೂಡಿಸಿಕೊಂಡ ಈ ಪರಂಪರೆಯು ತನ್ನ ಗ್ರಂಥಗಳನ್ನು ಒಳಗಿನವರಷ್ಟೇ ಓದಬಲ್ಲ 'ಅಮರಗನ್ನಡ' ಎಂಬ ಗುಪ್ತಲಿಪಿಯಲ್ಲಿ ಕಾಪಾಡಿತು. ಸೋತವರಿಗೆ ಕಾಲವನ್ನೇ ನ್ಯಾಯಸ್ಥಾನವಾಗಿ ತೋರಿಸಿದ್ದು ಇದರ ಹಿರಿಮೆ. ಆದರೆ ಭವಿಷ್ಯವು ತಪ್ಪಿದಾಗ ಅದನ್ನು ಪರಿಶೀಲಿಸುವ ಒರೆಗಲ್ಲು ಇದರಲ್ಲಿ ಬೆಳೆಯಲಿಲ್ಲ. ಬರಲಿರುವ ಅರಸನು ಬಾರದಿದ್ದಾಗ ಗಡುವು ಮುಂದಕ್ಕೆ ಹೋಗುತ್ತದೆ, ಇಲ್ಲವೇ ಹೊಸಬನೊಬ್ಬನಿಗೆ ಆ ಹೆಸರು ಅಂಟುತ್ತದೆ.

ಈ ಅಂಟಿಸುವಿಕೆಗೆ ಕ್ರೈಸ್ತ ಮಿಷನರಿಗಳೇ ಒಮ್ಮೆ ಗುರಿಯಾದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿದಾಗ, ಇದೇ ಬಗೆಯ ಭವಿಷ್ಯನುಡಿಗಳನ್ನು ನಂಬಿದ 'ಕಾಲಜ್ಞಾನಿ'ಗಳು ತಮ್ಮ ಗ್ರಂಥಗಳ ಮಾತು ಇವರ ಬರವಿನಲ್ಲಿ ನಿಜವಾಗುತ್ತಿದೆಯೆಂದು ಹತ್ತಿರ ಬಂದರು. ಸಾವಿರಾರು ಜನ ಸಭೆಗೆ ಸೇರುವರೆಂಬ ನಿರೀಕ್ಷೆಯಲ್ಲಿ 1841ರಲ್ಲಿ ಗದಗದ ಬಳಿಯ ಮಲ್ಲಸಮುದ್ರದಲ್ಲಿ ಒಂದು ಬೇಸಾಯದ ವಸಾಹತು ಎದ್ದಿತು. ನಿರೀಕ್ಷಿಸಿದ ಸಮುದಾಯ ಬರಲೇ ಇಲ್ಲ. ಈ ಮಿಷನರಿಗಳಲ್ಲಿ ಅನೇಕರು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದಿಂದ ಬಂದವರು. ಆ ಪಂಥದ ಮಹಾಪಂಡಿತ ಬೆಂಗೆಲ್, ಬೈಬಲಿನ ಅಂಕಿಗಳನ್ನು ಕೂಡಿಸಿ ಕಳೆದು, 1836ರಲ್ಲಿ ಕ್ರಿಸ್ತನ ಸಾವಿರ ವರ್ಷಗಳ ಆಳ್ವಿಕೆಗೆ ನಾಂದಿಯಾಗುವುದೆಂದು ಗುಣಿಸಿದ್ದನು. ಆ ವರ್ಷ ಸದ್ದಿಲ್ಲದೆ ಕಳೆದು ಐದು ವರ್ಷಗಳಾಗುವಷ್ಟರಲ್ಲಿ ಮಲ್ಲಸಮುದ್ರದ ನಿರೀಕ್ಷೆ ತಲೆಯೆತ್ತಿತು. ಕಾಲಜ್ಞಾನವನ್ನು ತಾರೀಖಿನ ಪಟ್ಟಿಯಾಗಿ ಓದುವ ಚಟ ಎರಡೂ ಕಡೆಯವರಲ್ಲಿ ಇತ್ತು, ಎರಡೂ ಕಡೆಯವರು ಅದಕ್ಕೆ ಬೆಲೆ ತೆತ್ತರು.

ನಿಜವಾದ ಭವಿಷ್ಯವೂ ವ್ಯರ್ಥವಾಗಬಹುದೆಂಬುದಕ್ಕೆ ಸುರಪುರವೇ ಸಾಕ್ಷಿ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಸಂಸ್ಥಾನವನ್ನು ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, ಈ ರಾಜನು ತನ್ನ ಇಪ್ಪತ್ತನಾಲ್ಕನೆಯ ವಯಸ್ಸನ್ನು ದಾಟುವುದಿಲ್ಲವೆಂದು ಅರಮನೆಯ ಪುರೋಹಿತನು ತನಗೆ ಗುಟ್ಟಾಗಿ ಹೇಳಿದ ಸಂಗತಿಯನ್ನು 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. 1858ರ ಬಂಡಾಯದ ನಂತರ ರಾಜನಿಗೆ ವಿಧಿಸಿದ ಮರಣದಂಡನೆ ಕಡಿತಗೊಳ್ಳುತ್ತ ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿದರೂ, ಸೆರೆಗೆ ಸಾಗುವ ದಾರಿಯಲ್ಲಿ ಅವನು ಪಿಸ್ತೂಲಿನ ಗುಂಡಿಗೆ ಬಲಿಯಾದನು. ಟೇಲರನ ಕಥನವನ್ನು ಅಕ್ಷರಶಃ ನಂಬಿದರೂ, ಆ ಮುನ್ನರಿವು ಯಾರನ್ನೂ ಉಳಿಸಲಿಲ್ಲ, ಯಾರನ್ನೂ ತಿದ್ದಲಿಲ್ಲ. ಸುರಪುರದ ಪುರೋಹಿತನ ನುಡಿ ಫಲಿಸಿತು, ರಾಜನು ಸತ್ತನು. ಯೋನನ ನುಡಿ ಫಲಿಸಲಿಲ್ಲ, ಒಂದು ನಗರ ಬದುಕಿತು.

ಹೀಗೆ ನೋಡಿದಾಗ ದೇವರ ಅರಿವನ್ನು ಕುಗ್ಗಿಸಿ ಮನುಷ್ಯನ ಸ್ವಾತಂತ್ರ್ಯಕ್ಕೆ ಜಾಗ ಮಾಡಿಕೊಡುವ ಪಿನ್ನಾಕ್ ಸಂಗಡಿಗರ ಅವಸರಕ್ಕೆ ಕಾರಣವಿಲ್ಲ. ಸೋಲನ್ನೇ ಅಸಾಧ್ಯವೆನ್ನುವ ಕಾಲ್ವಿನನ ಬಿಗಿಯಂತೂ ನಿನೆವೆಯ ಕಥೆಯನ್ನು ತೋರಿಕೆಯ ನಾಟಕವನ್ನಾಗಿ ಮಾಡಿಬಿಡುತ್ತದೆ. ಕೇಡನ್ನು ಮುಂಚೆ ನುಡಿಯುವುದು ಕೇಳಿದವರು ಬದಲಾಗಲೆಂದಾದರೆ, ಆ ನುಡಿ ಸುಳ್ಳಾಗುವುದೇ ಅದರ ಸಾರ್ಥಕತೆ. ಕ್ರೈಸ್ತ ಚಿಂತನೆಯ ಬಳಿ ಯೋನನ ಗ್ರಂಥವಿದ್ದೂ ಅದರ ಪಂಡಿತರು ಬೊಯೀಥಿಯಸನ ಗುಡ್ಡದ ಮೇಲೆಯೇ ಹೆಚ್ಚು ಕಾಲ ಕುಳಿತರು. ಕಾಲಜ್ಞಾನ ಪರಂಪರೆಯ ಬಳಿ ಸಾರುವ ದನಿಯಿದ್ದೂ, ತಪ್ಪಿದ ನುಡಿಗೆ ಉತ್ತರ ಕೊಡುವ ಶಿಸ್ತು ಬೆಳೆಯಲಿಲ್ಲ. ಕೊಡೇಕಲ್ಲಿನ ವಚನಗಳನ್ನು ಇನ್ನು ಮುಂದೆ ಓದುವವರು ಯಾವ ಭವಿಷ್ಯ ಯಾವಾಗ ಫಲಿಸಿತೆಂದು ಲೆಕ್ಕ ಹಾಕುವುದನ್ನು ಬಿಟ್ಟು, ಅವು ಯಾರಿಗೆ ಯಾವ ಎಚ್ಚರವನ್ನು ಕೊಟ್ಟವು ಎಂದು ಕೇಳುವುದು ಒಳಿತು.